ಹುಸಿ ಹಳಮೆ

ಅಲಂಕಾರದ ರೆಸಿನ್ ಮೂರ್ತಿಗಳಿಗೆ ಹಳಮೆಯ ಛಾಯೆ ಕೊಡುವ ವಿಧಾನ ಸರಳ. ತಳಬಣ್ಣ ಒಣಗಿದ ಮೇಲೆ ತೆಳುವಾದ ಕಂದುಬಣ್ಣ ಬಳಿದು, ಉಬ್ಬುಗಳ ಮೇಲಿನದನ್ನು ಬಟ್ಟೆಯಿಂದ ಒರೆಸುತ್ತಾರೆ. ತಗ್ಗುಗಳಲ್ಲಿ ಉಳಿದ ಬಣ್ಣ ಶತಮಾನಗಳ ಧೂಳಿನಂತೆ ತೋರುತ್ತದೆ.

ನಿಜವಾದ ಸವೆತದ ಬಗೆ ಬೇರೆ. ಬಸದಿಗಳ ಲೋಹದ ಜಿನಬಿಂಬಗಳಲ್ಲಿ ಮೊದಲು ನಯವಾಗುವುದು ಉಬ್ಬಿದ ಭಾಗಗಳೇ: ಮೂಗು, ಭುಜ, ಮೊಣಕಾಲು. ತಲೆಮಾರುಗಳ ಅಭಿಷೇಕ, ತೊಳೆದು ಒರೆಸಿದ ಕೈಗಳು ಅದಕ್ಕೆ ಕಾರಣ. ಆ ಸವೆತ ಭಕ್ತಿಯ ದಾಖಲೆಯಾಗಿದೆ.

ಮನೆಯ ಚೆಲುವಿಗಾಗಿ ಮಾಡುವ ಅನುಕರಣೆ ದೋಷವಲ್ಲ. ಅದನ್ನು ಪ್ರಾಚೀನವೆಂದು ನಂಬಿಸುವುದು ದೋಷ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆಯಂತೆ ಶಿಲ್ಪವೊಂದು ಪುರಾವಸ್ತು ಎನಿಸಲು ಕನಿಷ್ಠ 100 ವರ್ಷ ಸಲ್ಲಬೇಕು. ಒಂದು ದಿನದ ಬಣ್ಣ ಆ ನೂರು ವರ್ಷಗಳನ್ನು ನಟಿಸುತ್ತದೆ. ಯಾದಗಿರಿಯ ರಾಮಸಮುದ್ರದಿಂದ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದವರೆಗಿನ ನೆಲ ಇತಿಹಾಸದ ನೆಲ. ಇಂಥಲ್ಲಿ ಹುಸಿ ದಿಟದೊಡನೆ ಬೆರೆತರೆ, ದಿಟದ ಮೇಲಿನ ನಂಬಿಕೆಯೂ ಅಳಿಯುತ್ತದೆ.

ಪ್ರಾಚೀನರು ಎಷ್ಟೋ ಬಿಂಬಗಳ ಪೀಠದಲ್ಲಿ ಮಾಡಿಸಿದವರ ಹೆಸರನ್ನೂ ಗುರುಪರಂಪರೆಯನ್ನೂ, ಕೆಲವೊಮ್ಮೆ ಶಕವರ್ಷವನ್ನೂ ಕೆತ್ತಿಸಿದರು. ರೆಸಿನ್ ಮೂರ್ತಿಯ ತಳದಲ್ಲಿಯೂ ತಯಾರಕನ ಹೆಸರು, ತಯಾರಾದ ವರ್ಷ ಅಚ್ಚಿನಲ್ಲೇ ಮೂಡಲಿ. ಮೇಲಿನ ಬಣ್ಣ ಎಷ್ಟೇ ಹಳತಾಗಿ ಕಾಣಲಿ, ಪೀಠವಾದರೂ ಸತ್ಯ ನುಡಿಯಲಿ.