ಗುರುತು ಹಾಕಿದರೆ ಸಾಲದು, ಗಾಯ ಮಾಯಬೇಕು

ಮುಂಗಾರಿನ ಹೊಸ ನೀರಿಗೆ ಹಳ್ಳ ಹತ್ತುವ ಮೀನನ್ನು ಮಲೆನಾಡಿನ ನಮ್ಮ ಸದಸ್ಯ ಬಾಂಧವರೆಲ್ಲ ಬಲ್ಲರು. ಹತ್ತುಮೀನು ಎಂದೇ ನಾವು ಅದನ್ನು ಕರೆಯುವುದು. ಮೊಟ್ಟೆಯಿಡಲು ಮೇಲೇರುವ ಈ ಮೀನಿಗೆ ಇಂದು ದಾರಿ ಎಲ್ಲಿದೆ?

ನಮ್ಮ ತೋಟಗಳ ಬದಿಯಲ್ಲಿ ಹುಟ್ಟಿದ ತುಂಗೆ, ಭದ್ರೆಯರು ಕೂಡಲಿಯಲ್ಲಿ ಒಂದಾಗಿ, ಹರಪನಹಳ್ಳಿ, ಹಡಗಲಿ ತಾಲ್ಲೂಕುಗಳ ಅಂಚಿನಲ್ಲಿ ಹರಿದು, ಹಗರಿಬೊಮ್ಮನಹಳ್ಳಿಯ ಕಡೆ ಹಿನ್ನೀರಾಗಿ ನಿಲ್ಲುತ್ತಾರೆ. ಮೇಲೆ ಗಾಜನೂರು, ಲಕ್ಕವಳ್ಳಿಯ ಅಣೆಕಟ್ಟುಗಳು. ನಡುವೆ ಹಮ್ಮಿಗಿಯ ಬ್ಯಾರೇಜು. ಕೆಳಗೆ 1953ರಿಂದ ಹೊಸಪೇಟೆಯ ಅಣೆಕಟ್ಟು. ಕೂಡ್ಲಿಗಿ, ಕೊಟ್ಟೂರಿನಂಥ ಒಣ ಸೀಮೆಗೆ ನೀರು ಬೇಡವೆನ್ನುವವರು ನಾವಲ್ಲ. ಆದರೆ ಮಳೆಗಾಲದಲ್ಲಿ ಬ್ಯಾರೇಜಿನ ಬಾಗಿಲು ತೆರೆದಾಗ ಮೀನು ದಾಟುತ್ತದೆಯೋ ಇಲ್ಲವೋ ಎಂಬುದನ್ನು ಊಹೆಯಿಂದ ತೀರ್ಮಾನಿಸಲಾಗದು. ಮೀನಿಗೆ ಗುರುತು ಹಾಕಿಯೇ ತಿಳಿಯಬೇಕು.

ಇದೇನೂ ಹೊಸ ವಿದ್ಯೆಯಲ್ಲ. 1975ರಲ್ಲಿ ಆರಂಭವಾದ ಫರಕ್ಕಾ ಬ್ಯಾರೇಜಿನ ಮೇಲ್ಭಾಗದಲ್ಲಿ ಬ್ಯಾರಕ್‌ಪುರದ ಕೇಂದ್ರೀಯ ಒಳನಾಡು ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಹಿಲ್ಸಾ ಮೀನಿಗೆ ಹೊರಗಿನಿಂದ ಬಿಲ್ಲೆ ಚುಚ್ಚಿ ಬಿಟ್ಟಿದ್ದಾರೆ. ಭೂತಾನಿನಲ್ಲಿ ಮಹಸೀರ್ ಮೀನಿನ ಹೊಟ್ಟೆಯೊಳಗೇ ರೇಡಿಯೋ ಸಂಕೇತ ಕಳಿಸುವ ಪುಟ್ಟ ಯಂತ್ರ ಇಟ್ಟಿದ್ದಾರೆ. ಮೀನಿಗೆ ಮತ್ತು ಬರಿಸಿ (ಲವಂಗದ ಎಣ್ಣೆಯೂ ಇದಕ್ಕೆ ಬಳಕೆಯಲ್ಲಿದೆ), ಕಿವಿರಿಗೆ ನೀರು ಹಾಯಿಸುತ್ತ, ಹೊಟ್ಟೆಯಲ್ಲಿ ಸಣ್ಣ ಗಾಯ ಮಾಡಿ, ಯಂತ್ರ ಇಟ್ಟು, ಎರಡು ಮೂರು ಹೊಲಿಗೆ ಹಾಕುವುದು ಈ ಕ್ರಮ. ಯಂತ್ರದ ತೂಕ ಮೀನಿನ ತೂಕದ ನೂರಕ್ಕೆ 2ನ್ನು ಮೀರಬಾರದೆಂಬುದು ವಾಡಿಕೆ. ಅರ್ಧ ಕಿಲೋ ಮೀನಿಗೆ 10 ಗ್ರಾಂ.

ಕಷ್ಟವಿರುವುದು ಇದರ ಮುಂದೆ. ಕಸಿ ಕಟ್ಟಿದ ದಿನವೇ ಗಿಡ ಹತ್ತಿತೆಂದು ನಮ್ಮಲ್ಲಿ ಯಾರೂ ಲೆಕ್ಕ ಬರೆಯುವುದಿಲ್ಲ. ಮೀನೂ ಹಾಗೆಯೇ. ಹೊಲಿಗೆ ಬಿಚ್ಚಬಹುದು, ಗಾಯ ಬಾತು ಸೋಂಕು ತಗಲಬಹುದು, ಯಂತ್ರವನ್ನೇ ಮೀನು ಹೊರಹಾಕಬಹುದು. ಅಂಥ ಮೀನು ಬ್ಯಾರೇಜಿನ ಕೆಳಗೇ ಉಳಿದರೆ, ತಡೆದದ್ದು ಗೋಡೆಯೋ ಗಾಯವೋ? ತಪ್ಪು ಲೆಕ್ಕದ ಮೇಲೆ ತಪ್ಪು ತೀರ್ಮಾನವಾದೀತು. ಆದ್ದರಿಂದ ಕೊಯ್ದ ಮೀನುಗಳನ್ನೂ ಕೊಯ್ಯದ ಕೆಲವನ್ನೂ ಒಂದೇ ನೀರಿನಲ್ಲಿಟ್ಟು, ಈಜು, ಮೇವು, ಗಾಯ ಮಾಯುವಿಕೆಯನ್ನು ವಾರಗಟ್ಟಲೆ ಹೋಲಿಸಿ ನೋಡಬೇಕು. ಅಮೆರಿಕದ ತಣ್ಣೀರಿನ ಸಾಲ್ಮನ್‌ಗೆ ಸರಿಹೋದ ಲೆಕ್ಕ ತುಂಗಭದ್ರೆಯ ಬೆಚ್ಚನೆಯ ನೀರಿಗೆ ಹೊಂದೀತೆಂಬ ಭರವಸೆಯಿಲ್ಲ.

ತುಂಗಭದ್ರೆಯಲ್ಲಿ ಇಂಥ ಕೆಲಸ ನಡೆಯಲೇಬೇಕೆಂಬುದು ನಮ್ಮ ಅಭಿಪ್ರಾಯ. ನಡೆಯುವಾಗ ಈ ಪರೀಕ್ಷೆಯನ್ನು ಖರ್ಚಿನ ನೆಪದಿಂದ ಬಿಡಬಾರದು. ಹಡಗಲಿ, ಹರಪನಹಳ್ಳಿ ದಡದ ಮೀನುಗಾರರನ್ನು ಆರಂಭದಿಂದಲೇ ಜೊತೆಗೆ ಸೇರಿಸಿಕೊಳ್ಳಬೇಕು. ಗುರುತಿನ ಮೀನು ಕೊನೆಗೆ ಸಿಗುವುದು ಅವರ ಬಲೆಯಲ್ಲಿ. ಅದರ ಗಾಯದ ಸ್ಥಿತಿಯನ್ನು ಹೇಳಬಲ್ಲವರೂ ಅವರೇ.

ನಮ್ಮ ಪಾಲೂ ಒಂದಿದೆ. ಬೋರ್ಡೋ ದ್ರಾವಣದ ಮೈಲುತುತ್ತು ಮೀನಿಗೆ ವಿಷ. ಕಾಫಿ ಪಲ್ಪಿಂಗಿನ ಕೊಳೆನೀರು ಹೊಳೆಯ ಆಮ್ಲಜನಕವನ್ನು ಹೀರುತ್ತದೆ. ಡ್ರಮ್ಮು ತೊಳೆದ ನೀರನ್ನು ಹಳ್ಳಕ್ಕೆ ಚೆಲ್ಲಿ, ಕೆಳಗಿನವರು ಮೀನು ಉಳಿಸಲಿ ಎನ್ನುವುದು ನ್ಯಾಯವಲ್ಲ. ಗಾಯ ಮಾಯಲು ಮೊದಲು ಬೇಕಾದದ್ದು ಒಳ್ಳೆಯ ನೀರು. ಅದು ಹೊರಡುವುದು ನಮ್ಮ ತೋಟಗಳಿಂದ.