ಮೊದಲು ಪರೀಕ್ಷೆ, ಆಮೇಲೆ ಹಣ

ಸರ್ಕಾರಿ ಕಚೇರಿಗೆ ಒಂದು ಜೆರಾಕ್ಸ್ ಯಂತ್ರ ಬಂದರೂ, ಅದು ಸರಿಯಾಗಿ ಓಡುತ್ತಿದೆಯೆಂದು ಯಾರಾದರೊಬ್ಬರು ಸಹಿ ಹಾಕುವವರೆಗೆ ಬಿಲ್ಲು ಪಾಸಾಗುವುದಿಲ್ಲ. ಅಂಥ ಸಹಿಗಳನ್ನು ಹಲವು ಬಾರಿ ಹಾಕಿದವನು ನಾನು. ಯಂತ್ರದ ಹೆಸರಿಗೆ ‘ರಕ್ಷಣೆ’ ಎಂಬ ಪದ ಸೇರಿದೊಡನೆ ಆ ಸಹಿ ಏಕೆ ಅನಗತ್ಯವಾಗಬೇಕು?

ಅಮೆರಿಕವನ್ನೇ ನೋಡಿ. ಶಸ್ತ್ರಾಸ್ತ್ರಗಳನ್ನು ಪರೀಕ್ಷಿಸಲೆಂದೇ 1983ರಲ್ಲಿ ಅಲ್ಲಿನ ಸಂಸತ್ತು ಒಂದು ಸ್ವತಂತ್ರ ಕಚೇರಿಯನ್ನು ಕಾನೂನಿನ ಮೂಲಕ ಸ್ಥಾಪಿಸಿತು. ಆದರೆ 2002ರಲ್ಲಿ ಕ್ಷಿಪಣಿ ರಕ್ಷಣಾ ಯೋಜನೆಗೆ ಖರೀದಿಯ ಮಾಮೂಲು ನಿಯಮಗಳಿಂದ ವಿನಾಯಿತಿ ದೊರೆಯಿತು. 2004ರಲ್ಲಿ ಅಲಾಸ್ಕಾದ ನೆಲಮಾಳಿಗೆಗಳಲ್ಲಿ ಪ್ರತಿಬಂಧಕ ಕ್ಷಿಪಣಿಗಳನ್ನು ಇರಿಸಿದ್ದೂ ಆಯಿತು. ಅದೇ ಡಿಸೆಂಬರಿನಲ್ಲಿ ಪೆಸಿಫಿಕ್ ದ್ವೀಪವೊಂದರಲ್ಲಿ ನಡೆದ ಪರೀಕ್ಷೆಯಲ್ಲಿ ಅಂಥದೇ ಕ್ಷಿಪಣಿ ಮೇಲೇಳಲೇ ಇಲ್ಲ. ಮುಂದಿನ ಫೆಬ್ರವರಿಯಲ್ಲೂ ಏಳಲಿಲ್ಲ. ಮೊದಲು ನಿಯೋಜನೆ, ಆಮೇಲೆ ಪರೀಕ್ಷೆ: ತಾಳಿ ಕಟ್ಟಿದ ಮೇಲೆ ವರನನ್ನು ವಿಚಾರಿಸಿದಂತೆ.

1991ರ ಕೊಲ್ಲಿ ಯುದ್ಧದ ನಡುವೆ, ಪೇಟ್ರಿಯಟ್ ಕ್ಷಿಪಣಿಗಳು 42ರಲ್ಲಿ 41 ಸ್ಕಡ್‌ಗಳನ್ನು ತಡೆದಿವೆಯೆಂದು ಅಧ್ಯಕ್ಷ ಬುಷ್ ಘೋಷಿಸಿದರು. ಮರುವರ್ಷ ಅಮೆರಿಕದ ಲೆಕ್ಕಪರಿಶೋಧಕರು ಕಡತಗಳನ್ನು ತೆರೆದಾಗ, ಸಿಡಿತಲೆ ನಾಶವಾಯಿತೆಂಬುದಕ್ಕೆ ಬಲವಾದ ಸಾಕ್ಷ್ಯ ದೊರೆತದ್ದು ಶೇ. 9ರಷ್ಟು ಪ್ರಕರಣಗಳಲ್ಲಿ ಮಾತ್ರ. ಈ ನಡುವೆ ಫೆಬ್ರವರಿ 25ರಂದು ಸೌದಿ ಅರೇಬಿಯದ ದಹ್ರಾನ್‌ನಲ್ಲಿ, ನೂರು ಗಂಟೆ ಸತತವಾಗಿ ಓಡಿದ್ದ ಪೇಟ್ರಿಯಟ್ ಗಣಕದ ಗಡಿಯಾರ ಸೆಕೆಂಡಿನ ಮೂರನೆಯ ಒಂದು ಭಾಗದಷ್ಟು ತಪ್ಪಿತ್ತು. ಬಂದ ಸ್ಕಡ್ ಅದಕ್ಕೆ ಕಾಣಿಸಲಿಲ್ಲ; 28 ಸೈನಿಕರು ಸತ್ತರು.

“ಶತ್ರು ನಮ್ಮ ಪರೀಕ್ಷೆ ಮುಗಿಯಲೆಂದು ಕಾಯುವುದಿಲ್ಲ” ಎನ್ನುವವರಿದ್ದಾರೆ. ನಿಜ; ಕೆಲಸ ಮಾಡದ ಕ್ಷಿಪಣಿಗೂ ಅವನು ಹೆದರುವುದಿಲ್ಲ. ಸಂಶೋಧನೆಗೆ ಧಾರಾಳವಾಗಿ ಹಣ ಕೊಡೋಣ. ಅಲ್ಲಿ ಸೋಲೂ ಪಾಠವೇ. ಬೆಂಗಳೂರಿನ ಕಾವೇರಿ ಎಂಜಿನ್ನು ಬೇಕಾದಷ್ಟು ನೂಕುಬಲ ನೀಡಲಿಲ್ಲ. ತೇಜಸ್ 2001ರಲ್ಲಿ ಅಮೆರಿಕದ ಎಂಜಿನ್ನಿನಿಂದಲೇ ಹಾರಿತು. ಆ ಸೋಲು ನಮ್ಮನ್ನು ನೋಯಿಸಿದ್ದುಂಟು. ಆದರೂ ಸೋತ ಎಂಜಿನ್ನನ್ನು ಅಭಿಮಾನಕ್ಕಾಗಿ ಪೈಲಟ್ಟಿನ ಬೆನ್ನಿಗೆ ಕಟ್ಟಲಿಲ್ಲವಲ್ಲ, ಅದು ವಿವೇಕ.

ಸಾಮೂಹಿಕ ತಯಾರಿಕೆಯ ಹಣ ಮಾತ್ರ ಪರೀಕ್ಷೆಯಾದ ಮೇಲೆಯೇ ಬಿಡುಗಡೆಯಾಗಬೇಕು. ಆ ಪರೀಕ್ಷೆಯನ್ನು ತಯಾರಕರಲ್ಲ, ಬಳಸುವ ಸೈನಿಕರು ನಡೆಸಬೇಕು. ತಾಂತ್ರಿಕ ವಿವರ ಗುಟ್ಟಾಗಿರಲಿ. ಗೆದ್ದಿತೋ ಸೋತಿತೋ ಎಂಬುದು ಸಂಸತ್ತಿಗೆ ತಿಳಿಯಲಿ. ಇದನ್ನು ಕೇಳುವವನನ್ನು ದೇಶದ್ರೋಹಿ ಎನ್ನುವ ಮೊದಲು, ದಹ್ರಾನ್‌ನಲ್ಲಿ ಆ ಗಡಿಯಾರವನ್ನು ನಂಬಿ ಮಲಗಿದ್ದವರನ್ನು ನೆನೆಯಿರಿ.