ತೊಟ್ಟಿಲಿಗೂ ಮೊದಲು ತಟ್ಟೆ

ಕಲಘಟಗಿಯ ಬಣ್ಣದ ತೊಟ್ಟಿಲು ಧಾರವಾಡ ಜಿಲ್ಲೆಯ ಹೆಮ್ಮೆ. ಮಗು ಬರಲಿದೆ ಎಂದೊಡನೆ ತೊಟ್ಟಿಲು ಎಲ್ಲಿಂದ ತರುವುದು, ಏನು ಹೆಸರಿಡುವುದು ಎಂದು ಮನೆಮಂದಿಯೆಲ್ಲ ಮಾತಾಡುತ್ತಾರೆ. ಆದರೆ ನಾಳೆ ತಾಯಿಯಾಗಬೇಕಾದ ಸೊಸೆ ಇಂದು ಮಧ್ಯಾಹ್ನ ಏನು ಉಂಡಳು ಎಂದು ಕೇಳುವವರು ಎಷ್ಟು ಮಂದಿ?

ಸಹೋದರಿಯರೇ, ಗರ್ಭಿಣಿಯಾದ ಮೇಲೆ ಚೆನ್ನಾಗಿ ಉಣ್ಣಬೇಕೆಂಬುದು ನಮಗೆಲ್ಲ ಗೊತ್ತು. 2017ರಲ್ಲಿ ಅಂಗನವಾಡಿಗಳಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯ ಬಿಸಿಯೂಟವೂ ಗರ್ಭಿಣಿ, ಬಾಣಂತಿಯರಿಗಾಗಿಯೇ. ಆದರೆ ಗರ್ಭಿಣಿ ಎಂದು ತಿಳಿಯುವ ಹೊತ್ತಿಗೇ ಒಂದು ದೊಡ್ಡ ಕೆಲಸ ಮುಗಿಯುತ್ತಾ ಬಂದಿರುತ್ತದೆ. ಮಗುವಿನ ಮೆದುಳು, ಬೆನ್ನುಹುರಿಯಾಗಿ ಬೆಳೆಯುವ ನರಕೊಳವೆ ಗರ್ಭ ನಿಂತ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಮುಟ್ಟು ತಪ್ಪಿತೇ ಎಂದು ನೀವು ದಿನ ಎಣಿಸುತ್ತಿರುವ ಸಮಯವದು. ಆಗ ದೇಹದಲ್ಲಿ ಫೋಲಿಕ್ ಆಮ್ಲ ಸಾಲದಿದ್ದರೆ ಆ ಕೊಳವೆ ಸರಿಯಾಗಿ ಮುಚ್ಚದೆ ಉಳಿಯುವ ಅಪಾಯ ಹೆಚ್ಚು. ಆಮೇಲೆ ಎಷ್ಟು ಉಂಡರೂ ಆ ದೋಷ ಸರಿಹೋಗದು.

ಆದ್ದರಿಂದ ಮಗು ಬೇಕೆಂದು ಗಂಡ ಹೆಂಡತಿ ನಿರ್ಧರಿಸಿದಾಗಲೇ, ಕನಿಷ್ಠ ಒಂದು ತಿಂಗಳು, ಸಾಧ್ಯವಾದರೆ ಮೂರು ತಿಂಗಳು ಮೊದಲೇ, ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಮಾತ್ರೆ ಆರಂಭಿಸಬೇಕು. ಗರ್ಭದ ಮೊದಲ ಮೂರು ತಿಂಗಳೂ ಅದು ಮುಂದುವರಿಯಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಥವಾ ಆಶಾ ಕಾರ್ಯಕರ್ತೆಯಲ್ಲಿ ಕೇಳಲು ಸಂಕೋಚ ಬೇಡ. ಹಿಂದಿನ ಮಗುವಿಗೆ ಇಂಥ ದೋಷವಿದ್ದವರು, ಸಕ್ಕರೆ ಕಾಯಿಲೆ ಅಥವಾ ಫಿಟ್ಸ್ ಇರುವವರು ವೈದ್ಯರನ್ನು ಕಂಡೇ ಮುಂದುವರಿಯಬೇಕು.

ಜೊತೆಗೆ ರಕ್ತ ಪರೀಕ್ಷೆ ಮಾಡಿಸಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಿ.

ಹೊಲದಲ್ಲೇ ಇರುವ ಮದ್ದು

ಇದಕ್ಕೆ ದುಬಾರಿ ಡಬ್ಬಿಯ ಪುಡಿ ಬೇಕಿಲ್ಲ. ನವಲಗುಂದ, ಅಣ್ಣಿಗೇರಿಯ ಎರೆಹೊಲದ ಕಡಲೆ, ಹೆಸರುಕಾಳುಗಳಲ್ಲಿ ಫೋಲೇಟ್ ಧಾರಾಳವಾಗಿದೆ. ಮೊಳಕೆ ಕಟ್ಟಿ ದಿನಕ್ಕೊಂದು ಬಟ್ಟಲು ತಿನ್ನಿ. ರೊಟ್ಟಿಯ ಜೊತೆ ಹಸಿ ಮೆಂತೆ ಪಲ್ಲೆ, ಹಕ್ಕರಕಿ ತಿನ್ನುವ ನಮ್ಮ ಕಡೆಯ ರೂಢಿ ಬಹಳ ಒಳ್ಳೆಯದು. ಸೊಪ್ಪನ್ನು ಹೆಚ್ಚು ಕುದಿಸಿ ನೀರು ಚೆಲ್ಲಿದರೆ ಫೋಲೇಟ್ ಹೋಗಿಬಿಡುತ್ತದೆ. ಆದರೆ ಚೆನ್ನಾಗಿ ತೊಳೆದೇ ತಿನ್ನಿ. ಕುಂದಗೋಳದ ಶೇಂಗಾ ಹಿಂಡಿಯಿರಲಿ. ಅನ್ನವೇ ಹೆಚ್ಚಾಗಿರುವ ಕಲಘಟಗಿಯ ಮನೆಗಳಲ್ಲಿ ಬೇಳೆ, ಕಾಳು, ಮೊಟ್ಟೆ ಹೆಚ್ಚಲಿ. ಊಟಕ್ಕೆ ಲಿಂಬೆ ಹಿಂಡಿಕೊಂಡರೆ ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಅದು ವ್ಯರ್ಥ. ಚಹಾಕ್ಕೆ ಒಂದು ಗಂಟೆ ಬಿಡಿ.

ಒಂದು ಎಚ್ಚರಿಕೆ. ರಕ್ತ ಕಡಿಮೆಯೆಂದು ಕಲೇಜಿ ತಿನ್ನಿಸುವ ವಾಡಿಕೆ ನಮ್ಮ ಮನೆಗಳಲ್ಲಿದೆ. ಅದರಲ್ಲಿ ಕಬ್ಬಿಣಾಂಶವಿದೆ ನಿಜ, ಆದರೆ ವಿಟಮಿನ್ ‘ಎ’ ವಿಪರೀತವಾಗಿದೆ. ಅದು ಅತಿಯಾದರೆ ಭ್ರೂಣಕ್ಕೆ ಹಾನಿ. ಬಕ್ರೀದ್ ಇದ್ದರೂ ಈ ದಿನಗಳಲ್ಲಿ ಕಲೇಜಿ ಬಿಟ್ಟು ಮಾಂಸ ತಿನ್ನಿ.

ಯಾರು ಕೊನೆಗೆ ಉಣ್ಣುತ್ತಾರೆ?

ಅತ್ತೆಯಂದಿರೇ, ಈ ಮಾತು ನಿಮಗೆ. ಗಂಡಸರು, ಮಕ್ಕಳು, ಬಂದ ಬೀಗರು ಎಲ್ಲರೂ ಉಂಡ ಮೇಲೆ ಸೊಸೆ ತಟ್ಟೆಗೆ ಕೂರುತ್ತಾಳೆ. ಆಗ ಮಾಂಸದ ತುಂಡು ಮುಗಿದಿರುತ್ತದೆ, ಪಲ್ಲೆ ಮುಗಿದಿರುತ್ತದೆ, ರೊಟ್ಟಿ ಮತ್ತು ಖಾರ ಮಾತ್ರ ಉಳಿದಿರುತ್ತದೆ. ವರ್ಷ ಕಳೆದು ಮಡಿಲು ತುಂಬದಿದ್ದರೆ ಮಾತು ಕೇಳಬೇಕಾದವಳೂ ಅವಳೇ. ಇದು ನ್ಯಾಯವೇ? ಹೆಂಡತಿಯ ಅನ್ನ ಬಟ್ಟೆ ಗಂಡನ ಹೊಣೆಯೆಂದು ನಮ್ಮ ದೀನ್ ಕಲಿಸಿದೆ. ಅಡುಗೆಯಾದೊಡನೆ ಅವಳ ಪಾಲನ್ನು ಮೊದಲೇ ತೆಗೆದಿಡಿ, ಇಲ್ಲವೇ ಎಲ್ಲರೂ ಒಟ್ಟಿಗೆ ಉಣ್ಣಿ.

ಗಂಡನಿಗೂ ಪಾಲಿದೆ. ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಗುಟ್ಕಾ, ಬೀಡಿ, ಸಿಗರೇಟು ಅದನ್ನು ಕೆಡಿಸುತ್ತವೆ. ಅವನೂ ಇಂದೇ ಅವುಗಳನ್ನು ಬಿಡಲಿ. ಒಂದು ವರ್ಷ ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ ಇಬ್ಬರೂ ಪರೀಕ್ಷೆಗೆ ಹೋಗಬೇಕು, ಅವಳೊಬ್ಬಳೇ ಅಲ್ಲ. ಮೂವತ್ತೈದು ದಾಟಿದವರು ಆರು ತಿಂಗಳಿಗೇ ಹೋಗಲಿ.

ಸಂತಾನ ಕೊಡುವವನು ಅಲ್ಲಾಹನು. ಆದರೆ ಮಳೆ ಅವನ ಕೈಯಲ್ಲಿದೆಯೆಂದು ಎರೆಹೊಲದ ರೈತ ಹದ ಮಾಡದೆ ಬಿತ್ತುವುದಿಲ್ಲ. ದುಆ ಮಾಡೋಣ. ಜೊತೆಗೆ ಇಂದು ರಾತ್ರಿ ಸೊಸೆಯ ತಟ್ಟೆಗೆ ಮೊದಲು ಬಡಿಸೋಣ.